ಜಗಲಿ ಇದ್ದ ಜಾಗ

ಆ ದಿನ ಬೆಳಿಗ್ಗೆ ಮಾಡಿದ ಕೆಲಸಗಳು ಇಷ್ಟು: ಒಲೆಯ ಬೂದಿ ತೆಗೆದದ್ದು, ಬಾವಿಯಿಂದ ಆರು ಕೊಡ ನೀರು ಸೇದಿದ್ದು, ಎಮ್ಮೆಯ ಹಾಲು ಕರೆದದ್ದು, ಅತ್ತೆಯ ಲಿಂಗಪೂಜೆಗೆ ಪತ್ರೆ ತೊಳೆದಿಟ್ಟದ್ದು, ರೊಟ್ಟಿಗೆ ಅಕ್ಕಿಹಿಟ್ಟು ಬೇಯಿಸಿ ನಾದಿದ್ದು, ಲಾಟೀನಿನ ಗಾಜು ಒರೆಸಿದ್ದು, ಯಜಮಾನರ ಕೋಟಿಗೆ ಕಿತ್ತುಹೋಗಿದ್ದ ಗುಂಡಿ ಹೊಲಿದದ್ದು. ಜಗಲಿ ಸಾರಿಸುವ ಕೆಲಸ ಇರಲಿಲ್ಲ. ಜಗಲಿ ಹೋಗಿ ಮೂರು ವಾರವಾಗಿತ್ತು. ಆದರೂ ಸಗಣಿ ಕಲಸಿಕೊಂಡು ಹೊರಗೆ ಬಂದೆ. ಹೊಸ್ತಿಲ ಮುಂದೆ ನಿಂತಾಗ ಎದುರಿಗೆ ಬರಿಯ ಬೀದಿ. ಕಲಸಿದ ಸಗಣಿಯನ್ನು ಹಿತ್ತಿಲ ಕಡೆ ಒಯ್ದು ಕೊಟ್ಟಿಗೆಯ ಮುಂದಿನ ನೆಲಕ್ಕೆ ಬಳಿದೆ.

ಕೊಪ್ಪದಿಂದ ಎಡೇಹಳ್ಳಿಗೆ ಹೋಗುವ ದಾರಿಯಲ್ಲಿ ನಮ್ಮದು ಒಂದೇ ಬೀದಿಯ ಪೇಟೆ. ಎಡೇಹಳ್ಳಿಗೆ ನರಸಿಂಹರಾಜಪುರ ಎಂದು ಹೆಸರಿಟ್ಟು ಎಷ್ಟೋ ವರ್ಷ ಕಳೆದಿದ್ದರೂ ಅತ್ತೆಯ ಬಾಯಲ್ಲಿ ಅದು ಎಡೇಹಳ್ಳಿಯೇ. ಬೀದಿಯ ಎರಡೂ ಬದಿ ಮನೆ, ಪ್ರತಿ ಮನೆಗೂ ಜಗಲಿ. ಕಟ್ಟಿದವರು ತಮಗೆ ತೋಚಿದಷ್ಟು ಮುಂದೆ ತಂದಿದ್ದರು, ತೋಚಿದಷ್ಟು ಎತ್ತರ ಮಾಡಿದ್ದರು. ಒಂದು ಸೊಂಟದ ಮಟ್ಟ, ಒಂದು ಮೊಣಕಾಲ ಮಟ್ಟ, ಅಡಿಕೆ ಮಂಡಿಯವರದ್ದು ಎದೆಮಟ್ಟ. ಎತ್ತಿನ ಗಾಡಿಗಳು ಆ ನಡುವೆ ಹಾವಿನ ಹಾಗೆ ಬಳುಕಿಕೊಂಡು ಹೋಗಬೇಕಿತ್ತು. ಎಡೇಹಳ್ಳಿಯಲ್ಲಿ ರೈಲು ಇಳಿದವರನ್ನು ಕೊಪ್ಪಕ್ಕೆ, ಶೃಂಗೇರಿಗೆ ಒಯ್ಯುವ ಬಸ್ಸು ಪೇಟೆಯೊಳಗೆ ಬರುತ್ತಿರಲಿಲ್ಲ. ಕೆಳಗಿನ ಆಲದ ಮರದ ಹತ್ತಿರ ನಿಂತು, ಹೊರಗಿನ ಕಚ್ಚಾ ದಾರಿಯಲ್ಲಿ ಸುತ್ತಿ ಹೋಗುತ್ತಿತ್ತು.

ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದು ಬೆಳಕು-ಕತ್ತಲೆ ಮಾತ್ರ ಗೊತ್ತಾಗುತ್ತಿತ್ತು. ಆದರೆ ದಿನಾ ಬೆಳಿಗ್ಗೆ ಪೂಜೆ ಮುಗಿಸಿ, ವಿಭೂತಿ ಇಟ್ಟುಕೊಂಡು, ಬೀದಿಯ ಮೇಲಿನ ತುದಿಯಲ್ಲಿದ್ದ ತಮ್ಮ ಅಕ್ಕನ ಮನೆಗೆ ಒಬ್ಬರೇ ಹೋಗುತ್ತಿದ್ದರು. ಅಕ್ಕ ಹಾಸಿಗೆ ಹಿಡಿದವರು, ಬಾಯಲ್ಲಿ ಒಂದೂ ಹಲ್ಲಿಲ್ಲ. ಅವರಿಗೆ ಎಲೆ ಅಡಿಕೆ ಕುಟ್ಟಿ ಬಾಯಿಗಿಟ್ಟು, ಇಬ್ಬರೂ ಸ್ವಲ್ಪ ಜಗಳವಾಡಿ, ಊಟದ ಹೊತ್ತಿಗೆ ಹಿಂದಿರುಗುವುದು. ಎಡಗೈಯನ್ನು ಜಗಲಿಗಳ ಅಂಚಿನ ಮೇಲೆ ಸವರುತ್ತಾ ಹೋದರೆ ಅವರಿಗೆ ಬೇರೆ ಕಣ್ಣು ಬೇಕಿರಲಿಲ್ಲ. ನಮ್ಮ ಜಗಲಿಯಿಂದ ಎಣಿಸಿದರೆ ಹನ್ನೊಂದನೆಯದು ಅಕ್ಕನದು. ನಾನು ಜೊತೆಗೆ ಬರುತ್ತೇನೆಂದರೆ ಸಿಟ್ಟು ಬರುತ್ತಿತ್ತು.

"ನನ್ನ ಯಾರಾದ್ರೂ ಕೈ ಹಿಡಿದು ನಡೆಸಿದ ದಿವಸವೇ ಕಡೆ, ಹುಡುಗಿ. ಮಾರನೇ ದಿನದಿಂದ ಮೂಲೆಯಲ್ಲಿ ಕೂರೋದು, ನೀನು ಹಾಕಿದ್ದು ತಿನ್ನೋದು. ಅಷ್ಟೇಯ."

ನಲವತ್ತು ದಾಟಿದ ನನ್ನನ್ನು ಅವರು ಹುಡುಗಿ ಎಂದೇ ಕರೆಯುತ್ತಿದ್ದರು.

ಹಿಂದಿನ ವರ್ಷ ಹೆರಿಗೆ ಕಷ್ಟವಾದ ಒಬ್ಬ ಹೆಂಗಸನ್ನು ಗಾಡಿಯಲ್ಲಿ ಕೊಪ್ಪದ ಆಸ್ಪತ್ರೆಗೆ ಒಯ್ಯುವಾಗ, ಗಾಡಿಯ ಚಕ್ರ ಒಂದು ಜಗಲಿಯ ಮೂಲೆಗೆ ಬಡಿದು ಅಚ್ಚು ಮುರಿಯಿತು. ಗಾಡಿ ಮಗುಚಿತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಆ ಕೂಗನ್ನು ಬೀದಿಯಲ್ಲಿ ಎಲ್ಲರೂ ಕೇಳಿದ್ದೆವು. ಆಮೇಲೆ ಊರಿನ ಕಮಿಟಿ ಸೇರಿ ನಿರ್ಧಾರ ಮಾಡಿತು: ಬೀದಿಯ ನಡುವಿನಿಂದ ಎರಡೂ ಕಡೆಗೆ ನೂಲು ಹಿಡಿಯುವುದು, ನೂಲಿನ ಹೊರಗೆ ಜಗಲಿ, ಮೆಟ್ಟಿಲು, ಮಾಡಿನ ಅಂಚು ಯಾವುದೂ ಇರಕೂಡದು, ಮುಂದೆ ಮನೆ ಕಟ್ಟುವವರು ನಕ್ಷೆ ತೋರಿಸಿ ಒಪ್ಪಿಗೆ ಪಡೆಯಬೇಕು, ಬೀದಿ ಸರಿಯಾದ ಮೇಲೆ ಬಸ್ಸು ಪೇಟೆಯೊಳಗೇ ಬರಬೇಕು. ನಮ್ಮ ಯಜಮಾನರು ಕಮಿಟಿಯಲ್ಲಿದ್ದರು. ಮೊದಲ ಸಹಿ ಅವರದೇ.

"ಅಮ್ಮ ಹ್ಯಾಗೆ ಓಡಾಡೋದು?" ಎಂದು ಕೇಳಿದೆ.

"ಆ ಗಾಡಿ ಮಗುಚಿದಾಗ ಲಾಟೀನು ಹಿಡಿದು ಓಡಿದವನು ನಾನು ಮಾರಾಯ್ತಿ. ನಿನಗೆ ಎಂತ ಹೇಳಲಿ" ಎಂದರು. ಮತ್ತೆ ಆ ವಿಷಯ ಎತ್ತಲಿಲ್ಲ.

ಓವರ್ಸಿಯರು ಒಂದು ಭಾನುವಾರ ಬಂದು, ಹಗ್ಗವನ್ನು ಕೆಮ್ಮಣ್ಣಿನ ನೀರಲ್ಲಿ ಅದ್ದಿ, ಬೀದಿಯುದ್ದಕ್ಕೂ ಬಿಗಿಯಾಗಿ ಹಿಡಿಸಿ, ಮೇಲೆತ್ತಿ ಬಿಟ್ಟ. ಚಟ್ ಎಂದು ಹೊಡೆದ ಹಗ್ಗ ಪ್ರತಿ ಜಗಲಿಯ ನೆಲದ ಮೇಲೂ ಒಂದು ಕೆಂಪು ಗೀಟು ಬಿಟ್ಟಿತು. "ಇದನ್ನ ಯಾರೂ ಅಳಿಸಬಾರದು. ಬುಧವಾರ ಆಳು ಬರ್ತಾರೆ, ಗೀಟಿನಿಂದ ಹೊರಗಿದ್ದದ್ದೆಲ್ಲ ಕಡಿತಾರೆ" ಎಂದು ಹೇಳಿ ಹೋದ.

ಮಾರನೆಯ ದಿನ ಸೋಮವಾರ. ಸೋಮವಾರ ಬೆಳಗಾಗುವ ಮೊದಲು ಜಗಲಿ ಸಾರಿಸುವುದು ನಮ್ಮ ಬೀದಿಯ ಹೆಂಗಸರ ಕೈಗೆ ಹತ್ತಿದ ಅಭ್ಯಾಸ. ಅದಕ್ಕೆ ಮನಸ್ಸು ಬೇಡ. ಸೂರ್ಯ ಬರುವ ಹೊತ್ತಿಗೆ ಹಸಿ ಸಗಣಿಯ ಕೆಳಗೆ ಓವರ್ಸಿಯರನ ಗೀಟೆಲ್ಲ ಮುಚ್ಚಿಹೋಗಿತ್ತು.

ಮೊದಲು ಕಿರುಚಿಕೊಂಡವಳು ಎದುರುಮನೆ ಅಕ್ಕ. "ಅಯ್ಯಯ್ಯೋ! ಸರ್ಕಾರದ ಗೀಟು ಸಾರಿಸಿಬಿಟ್ಟೆವಲ್ಲೇ!"

"ಈಗ ಎಂತ ಮಾಡೋದು?"

"ಎಂತ ಮಾಡೋದು ಅಂದ್ರೆ? ಮತ್ತೆ ಎಳೆಯೋದು. ಅವನ ಗೀಟು ಸೊಟ್ಟಗಿತ್ತು ಬೇರೆ. ಗೋಡೆ ಮೇಲೆ ಹಸೆ ಬರೆದ ಕೈ ನಮ್ದು, ಅವನಿಗಿಂತ ನೆಟ್ಟಗೆ ಎಳೀತೀವಿ."

ಹಾಗೆ ಬೀದಿಯ ಹೆಂಗಸರೆಲ್ಲ ಕೆಮ್ಮಣ್ಣು ಕದಡಿಕೊಂಡು ತಮ್ಮ ತಮ್ಮ ಜಗಲಿಯ ಮೇಲೆ ನೆನಪಿದ್ದ ಕಡೆ ಗೀಟು ಎಳೆದರು. ಕೆಲವರು ಅದರ ಪಕ್ಕಕ್ಕೆ ಜೇಡಿಮಣ್ಣಿನ ಬಿಳಿ ಚುಕ್ಕೆಯನ್ನೂ ಇಟ್ಟರು. ನನಗೆ ನೆನಪಾಗಲಿಲ್ಲ. ಗೀಟು ಕಂಬದ ಹೊರಗಿತ್ತೋ ಒಳಗಿತ್ತೋ? ಅತ್ತೆ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಕುರುಡಿಯನ್ನು ಗೀಟಿನ ವಿಷಯ ಕೇಳುವುದೇನು ಎಂದು ಕೇಳಲಿಲ್ಲ. ಕಂಬದ ಒಳಗಡೆ ಹಲಗೆ ಇಟ್ಟು ಎಳೆದರೆ ನೆಟ್ಟಗೆ ಬರುತ್ತದೆ, ಅಲ್ಲಿ ಎಳೆದೆ. ಚೆನ್ನಾಗಿ ಬಂತು. ಹಿಂದೆ ಸರಿದು ನೋಡಿ ಸಂತೋಷಪಟ್ಟೆ.

ಬುಧವಾರ ಬಂದ ಆಳುಗಳು ಬೇರೆ ಊರಿನವರು. ಅವರಿಗೆ ಕೆಂಪು ಗೀಟು ಕಡಿ ಎಂದಿದ್ದರು, ಅವರು ಕೆಂಪು ಗೀಟನ್ನೇ ಕಡಿದರು. ನಮ್ಮ ಜಗಲಿ ಕಂಬಸಮೇತ ಹೋಯಿತು, ಮಾಡಿನ ಅಂಚನ್ನೂ ಇಳಿಸಬೇಕಾಯಿತು. ಎದುರುಮನೆ ಅಕ್ಕ ಅಂಚಿಗೆ ಅಂಟಿಸಿ ಎಳೆದಿದ್ದಳು. ಅವಳದ್ದು ನಾಲ್ಕು ಬೆರಳು ಹೋಯಿತು. ಬೀದಿ ಮೊದಲಿಗಿಂತ ಸೊಟ್ಟಗಾಯಿತು. ಓವರ್ಸಿಯರು ಬಂದವನೇ ತಲೆಯ ಮೇಲೆ ಕೈ ಹೊತ್ತುಕೊಂಡು ಕೂತ. ಮತ್ತೆ ನೂಲು ಹಿಡಿದು, ಕಡಿಮೆ ಕಡಿದದ್ದನ್ನು ಪುನಃ ಕಡಿಸಿದರು. ಹೆಚ್ಚು ಕಡಿದದ್ದಕ್ಕೆ ಏನೂ ಮಾಡುವಂತಿರಲಿಲ್ಲ. ಆಗ ಯಜಮಾನರು ಹಗ್ಗ ಬಿದ್ದ ಜಾಗ ನೋಡಿ ಹೇಳಿದರು: ಮುಂದೆ ಚಾಚಿದ್ದ ಬೇರೆಯವರದ್ದು ಹೇಗೂ ಹೆಚ್ಚುಕಡಿಮೆ ಪೂರ್ತಿ ಹೋಗುವಂಥದ್ದು, ಒಳಗಿದ್ದ ನಮ್ಮ ಜಗಲಿಯಲ್ಲಿ ಹೋಗಬೇಕಾಗಿದ್ದದ್ದು ಒಂದೇ ಗೇಣು. ಕಂಬ ಉಳಿಯುತ್ತಿತ್ತು. ಅತ್ತೆಯ ಕೈ ಆಡುವಷ್ಟು ಅಂಚು ಉಳಿಯುತ್ತಿತ್ತು.

ಜಗಲಿಗಳು ಹೋದ ಜಾಗದ ಮಣ್ಣು ಬೇರೆ ಬಣ್ಣದ್ದಾಗಿತ್ತು. ಎಷ್ಟೋ ಕಾಲದಿಂದ ಬಿಸಿಲು ಮಳೆ ಕಾಣದ ಮಣ್ಣು, ಹೆಣದ ಮೈಯ ಹಾಗೆ ಬಿಳಿಚಿಕೊಂಡಿತ್ತು. ಮೇಲೆ ನಿಂತು ನೋಡಿದರೆ ಬೀದಿಯುದ್ದಕ್ಕೂ ಒಂದೊಂದು ಮನೆಯ ಮುಂದೆ ಒಂದೊಂದು ಜಗಲಿ ನೆಲದ ಮೇಲೆ ಮಲಗಿಕೊಂಡ ಹಾಗೆ ಕಾಣುತ್ತಿತ್ತು. ಅದರ ಮೇಲೆ ಯಾರೂ ಕಾಲಿಡುತ್ತಿರಲಿಲ್ಲ. ಬೇಕೆಂದು ಅಲ್ಲ, ಕಾಲು ತಾನಾಗಿ ಸುತ್ತಿಕೊಂಡು ಹೋಗುತ್ತಿತ್ತು. ನಾಯಿಗಳೂ ಅಲ್ಲಿ ಮಲಗಲಿಲ್ಲ.

ಯಜಮಾನರು ಗೇಣಿನ ಮಾತು ಹೇಳಿದ ಸಾಯಂಕಾಲವೇ ನಾನು ಅತ್ತೆಯ ಹತ್ತಿರ ಕೂತು ಹೇಳಿಬಿಟ್ಟೆ. "ಅತ್ತೆ, ಗೀಟು ನಾನು ತಪ್ಪಿ ಎಳೆದೆ. ನನ್ನಿಂದ ಜಗಲಿ ಹೋಯ್ತು."

"ನೀನು ಎಳೀವಾಗ ಅಲ್ಲೇ ಇದ್ದೆನಲ್ಲ. ಮುನ್ನಾ ದಿನ ಹಗ್ಗ ಹೊಡೆದ ಸಪ್ಪಳ ಕಂಬದ ಹೊರಗೆ ಕೇಳಿತ್ತು. ನಿನ್ನ ಕೈ ಸಪ್ಪಳ ಕಂಬದ ಒಳಗೆ."

"ಮತ್ತೆ ಯಾಕೆ ಹೇಳಲಿಲ್ಲ?"

"ಎಲ್ಲರದ್ದೂ ಹೋಗಿ ನಮ್ಮದೊಂದು ಉಳಿದಿದ್ರೆ, ಅದನ್ನ ಹಿಡಕೊಂಡು ಎಲ್ಲಿಗೆ ಹೋಗಲಿ?" ಎಂದರು. ನನ್ನ ಕೆನ್ನೆ ಸವರಿ, "ಅಳಬೇಡ. ಅದು ಎಲ್ಲಿಗೂ ಹೋಗಿಲ್ಲ. ಅಲ್ಲೇ ಇದೆ" ಎಂದರು.

ಸಮಾಧಾನಕ್ಕೆ ಹೇಳಿದ ಮಾತೆಂದುಕೊಂಡೆ. ಮಾರನೆಯ ದಿನ ಅವರು ಪೂಜೆ ಮುಗಿಸಿ ಹೊರಟಾಗ ನಾನು ಸದ್ದಾಗದ ಹಾಗೆ ಹತ್ತು ಹೆಜ್ಜೆ ಹಿಂದೆ ಹೋದೆ. ಅತ್ತೆ ಹೊಸ್ತಿಲು ದಾಟಿ, ಇಲ್ಲದ ಮೂರು ಮೆಟ್ಟಿಲ ಜಾಗದಲ್ಲಿ ಮೂರು ಸಲ ಕಾಲು ಅಳೆದು ಇಟ್ಟು, ಬೀದಿಗೆ ಬಂದು, ಎಡಗೈಯನ್ನು ಸೊಂಟದ ಮಟ್ಟಕ್ಕೆ ಚಾಚಿದರು. ಗಾಳಿಯ ಮೇಲೆ ಅಂಗೈ ಚಪ್ಪಟೆಯಾಗಿ ಕೂತಿತು. ಸವರಿಕೊಂಡು ಹೊರಟರು. ಎರಡನೇ ಮನೆಯ ಹತ್ತಿರ ಕೈ ತಗ್ಗಿತು, ಅಲ್ಲಿ ಜಗಲಿ ಗಿಡ್ಡ ಇತ್ತು. ಓಣಿ ಬಂದಲ್ಲಿ ಕೈ ಮಡಚಿಕೊಂಡರು. ಕಂಬ ಮುಂದೆ ಚಾಚಿಕೊಂಡಿದ್ದ ಮನೆಯ ಹತ್ತಿರ ಮೈ ಓರೆ ಮಾಡಿ ಸುತ್ತಿ ಹೋದರು. ಒಂದು ಕಡೆ ಕೈ ಥಟ್ಟನೆ ಹಿಂದೆಗೆದು ಬೆರಳು ಉಜ್ಜಿಕೊಂಡರು. ಆ ಜಗಲಿಯ ಅಂಚಿನ ಕಲ್ಲು ಒಡೆದು ಚೂಪಾಗಿದ್ದದ್ದು, ಎಲ್ಲರ ಕೈಗೂ ತರಚುತ್ತಿದ್ದದ್ದು ನನಗೆ ಆಗ ನೆನಪಾಯಿತು.

ಆರನೆಯದು ಅಡಿಕೆ ಮಂಡಿ. ಅವರದು ಪೇಟೆಯಲ್ಲೇ ಅಗಲವಾದ ಜಗಲಿ; ಅಡಿಕೆ ಮೂಟೆಗಳ ಜೊತೆ ಮಂಡಿಯ ಅಜ್ಜ ದಿನವಿಡೀ ಅಲ್ಲೇ ಕೂತಿರುತ್ತಿದ್ದರು. ಜಗಲಿ ಹೋದ ಮೇಲೆ ಅವರು ಒಳಗೇ ಇರುತ್ತಿದ್ದರು. ಅತ್ತೆ ಕೈಯನ್ನು ಎದೆಮಟ್ಟಕ್ಕೆ ಎತ್ತಿ ಅಲ್ಲಿ ನಿಂತರು.

"ಎಂತ ಭಾವಯ್ಯ, ಇವತ್ತೂ ಕೆಮ್ಮು ಬಿಡಲಿಲ್ವಾ?"

ಉತ್ತರಕ್ಕೆ ಕಾದರು. ತಲೆದೂಗಿದರು. ಆಮೇಲೆ ಬಾಯಿಗೆ ಸೆರಗು ಅಡ್ಡ ಇಟ್ಟು ನಕ್ಕರು. "ನಿಮ್ಮದೊಂದು!" ಎಂದು ಮುಂದೆ ಹೋದರು.

ಅವರು ಹೋದ ಮೇಲೆ ಮಂಡಿಯ ಅಜ್ಜ ಬಾಗಿಲಿಗೆ ಬಂದರು. ಮುಖ ಸುಣ್ಣ ಬಳಿದ ಹಾಗಿತ್ತು. "ಅಲ್ಲ ಮಗಳೇ, ನಾನು ಒಳಗೆ ಹಾಸಿಗೆ ಮೇಲಿದ್ದೆ. ಬಾಯೇ ಬಿಡಲಿಲ್ಲ. ಅವಳು ಯಾರ ಮಾತಿಗೆ ನಕ್ಕಿದ್ದು?"

ಮನೆಗೆ ಬಂದ ಮೇಲೆ, ಯಾರೂ ನೋಡದ ಹೊತ್ತಲ್ಲಿ, ನಾನೂ ಹೊಸ್ತಿಲ ಹೊರಗೆ ನಿಂತು ಕೈಯನ್ನು ಆ ಮಟ್ಟಕ್ಕೆ ಚಾಚಿದೆ. ಬಿಸಿಲಿತ್ತು. ಅಂಗೈಯ ಅಡಿಗೆ ತಣ್ಣಗಾಯಿತು, ಬೆಳಿಗ್ಗೆ ಸಾರಿಸಿದ ನೆಲ ಮುಟ್ಟಿದ ಹಾಗೆ. ತಕ್ಷಣ ಕೈ ಎಳೆದುಕೊಂಡೆ. ನೀರಿನ ಕೆಲಸ ಮಾಡಿದ ಕೈ, ಅದಕ್ಕೇ ಇರಬೇಕು ಎಂದು ಸೆರಗಿಗೆ ಒರೆಸಿಕೊಂಡೆ. ಮತ್ತೊಮ್ಮೆ ಚಾಚುವ ಧೈರ್ಯವಾಗಲಿಲ್ಲ.

ಮೂರು ವಾರ ಹೀಗೇ ನಡೆಯಿತು. ಬೀದಿಯವರು ಅತ್ತೆಯ ಮುಂದೆ ಏನೂ ಅನ್ನುತ್ತಿರಲಿಲ್ಲ. ಅವರು ಬರುವಾಗ ಮಾತು ನಿಲ್ಲಿಸಿ ಬಾಗಿಲ ಹಿಂದೆ ಸರಿಯುತ್ತಿದ್ದರು. "ನಿಮ್ಮ ಅತ್ತೆಗೆ ಒಂದು ತಾಯಿತ ಕಟ್ಟಿಸೇ" ಎಂದು ಎದುರುಮನೆ ಅಕ್ಕ ಮೆಲ್ಲಗೆ ಹೇಳಿದಳು. ನನ್ನ ಹೆದರಿಕೆ ತಾಯಿತದ್ದಲ್ಲ. ಅತ್ತೆ ಹಿಡಿದಿದ್ದು ಹಳೆಯ ಅಂಚು. ಆ ಅಂಚು ಈಗ ಬೀದಿಯ ಬದಿಯಲ್ಲ, ಹೆಚ್ಚುಕಡಿಮೆ ನಡುವೆ. ಬಸ್ಸು ಬರುವ ದಿನ ಅವರು ನಡೆಯುವುದು ಚಕ್ರದ ದಾರಿಯಲ್ಲಿ.

ಯಜಮಾನರಿಗೆ ಹೇಳಿದೆ. "ಆ ಒಂದು ದಿವಸ ಅಮ್ಮನ್ನ ಮನೆಯಲ್ಲೇ ಇಟ್ಟುಕೋ. ಆಮೇಲೆ ನೋಡೋಣ" ಎಂದರು.

ಆ ದಿವಸವೇ ಈ ದಿವಸ. ಬಸ್ಸು ಮೊದಲ ಸಲ ಪೇಟೆಯೊಳಗೆ ಬರುವ ದಿನ. ಯಜಮಾನರು ಗುಂಡಿ ಹೊಲಿದ ಕೋಟು ತೊಟ್ಟು ತೆಂಗಿನಕಾಯಿ ಹಿಡಿದು ಆಲದ ಮರದ ಹತ್ತಿರ ಹೋದರು. ಮಂಜು ದಟ್ಟವಾಗಿ ಇಳಿದಿತ್ತು. ಎದುರುಮನೆಯ ಬಾಗಿಲೂ ಕಾಣುತ್ತಿರಲಿಲ್ಲ. ಅತ್ತೆ ಪೂಜೆಗೆ ಕೂತಿದ್ದಾರೆಂದು ನಾನು ಒಲೆಯ ಮೇಲಿನ ರೊಟ್ಟಿ ಮಗುಚಲು ಹೋದೆ. ತಿರುಗಿ ಬರುವಾಗ ಮಣೆ ಖಾಲಿ.

ಬೀದಿಗೆ ಓಡಿದೆ. ಮಂಜಿನಲ್ಲಿ ಮುಂದೆ ಅವರ ಬಿಳಿ ಸೀರೆ ಮಸುಕಾಗಿ ಕಂಡಿತು, ಎಡಗೈ ಚಾಚಿಕೊಂಡೇ ಇತ್ತು. ಕೂಗುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಪೋಂ ಪೋಂ ಎಂದು ಹಾರನ್ನು ಕೇಳಿಸಿತು. ನಾನು ಗೋಡೆಗೆ ಅಂಟಿಕೊಂಡೆ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳಿಗೆ ಹಿಂದುಗಡೆ ಇದ್ದಿಲು ಉರಿಸುವ ಡ್ರಮ್ಮು ಕಟ್ಟಿರುತ್ತಿದ್ದರು. ಆ ಹೊಗೆಯೂ ಮಂಜೂ ಸೇರಿ ಬಸ್ಸು ತೇಲಿ ಬಂದ ಹಾಗಿತ್ತು. ಅತ್ತೆ ಹಾರನ್ನು ಕೇಳಿ ನಿಂತರು. ಓಡಲಿಲ್ಲ, ಸರಿಯಲಿಲ್ಲ. ಜಗಲಿಯ ಪಕ್ಕ ನಿಂತವರಿಗೆ ಗಾಡಿಯ ಭಯ ಏನು? ಈ ಬೀದಿಗೆ ಬಂದಂದಿನಿಂದ ಗಾಡಿ ಬಂದಾಗ ಅವರು ಹಾಗೇ ನಿಂತದ್ದು.

ಡ್ರೈವರು ಅತ್ತೆಯನ್ನು ಕಂಡದ್ದು ತೀರಾ ಹತ್ತಿರ ಬಂದ ಮೇಲೆ. ಬಲಗಡೆ ತಿರುಗಿಸೋಣವೆಂದರೆ ಅಲ್ಲಿ ಜನ ನಿಂತಿದ್ದರು. ಎಡಕ್ಕೆ ಎಳೆದ, ಅತ್ತೆಗೂ ಮಂಡಿಯ ಗೋಡೆಗೂ ನಡುವೆ, ಆ ಅಗಲ ಜಗಲಿ ಇದ್ದ ಜಾಗಕ್ಕೆ. ಯಾರ ಕಾಲೂ ತುಳಿಯದ ಆ ಬಿಳಿ ಮಣ್ಣಿನಲ್ಲಿ ಚಕ್ರ ಹೂತುಹೋಯಿತು. ಬಸ್ಸು ಗೋಡೆಯ ಕಡೆಗೆ ವಾಲಿ, ಒಂದು ಸಲ ನಡುಗಿ, ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಬಸ್ಸಿನ ಹಿಂಬದಿ ಸರಿಯಾಗಿ ಅತ್ತೆಯ ಪಕ್ಕದಲ್ಲಿತ್ತು.

ಗಾಡಿ ದಾಟಿಹೋಯಿತೆಂದು ಅತ್ತೆ ಮತ್ತೆ ಕೈಯನ್ನು ಎದೆಮಟ್ಟಕ್ಕೆ ಚಾಚಿದರು. ಈ ಸಲ ಕೈಗೆ ಏನೋ ತಾಗಿತು. ಅಂಗೈ ಆಡಿಸಿ ನೋಡಿದರು. ಡ್ರಮ್ಮಿನ ಕಾವಿನಿಂದ ತಗಡು ಬಿಸಿಯಾಗಿತ್ತು.

"ಇದು ಯಾರ ಮನೆ?" ಎಂದರು.

ಬಸ್ಸಿನ ಕಿಟಕಿಯಿಂದ ಹತ್ತಾರು ಮುಖಗಳು ಅವರನ್ನೇ ನೋಡುತ್ತಿದ್ದವು.

"ಯಾರ ಮನೆ ಇದು? ಗೋಡೆ ಬಿಸಿ ಇದೆಯಲ್ಲ. ಬೆಂಕಿ ಬಿತ್ತಾ? ಯಾರಾದ್ರೂ ಹೇಳ್ರೋ!"

ನಾನು ಹತ್ತಿರ ಹೋದೆ. "ಅತ್ತೆ, ಮನೆಯಲ್ಲ. ಬಸ್ಸು."

"ಬಸ್ಸು ಜಗಲಿ ಮೇಲೆ ಹ್ಯಾಗೆ ಹತ್ತಿತು?"

ಜಗಲಿ ಇಲ್ಲ ಎಂದು ಹೇಳಬೇಕಿತ್ತು. ಅತ್ತೆ ಕೈಯನ್ನು ತಗಡಿನಿಂದ ತೆಗೆದು ಮುಂದೆ ಚಾಚಿದರು, ಹಿಂದೆ ಚಾಚಿದರು, ಮೇಲೆ ಕೆಳಗೆ ಆಡಿಸಿದರು. ಮೂರು ವಾರ ಗಾಳಿಯ ಮೇಲೆ ಗಟ್ಟಿಯಾಗಿ ಕೂರುತ್ತಿದ್ದ ಕೈ ಈಗ ಬರಿಯ ಗಾಳಿಯಲ್ಲಿ ಬೀಳುತ್ತಿತ್ತು. "ಏಳನೇದು ಎಲ್ಲಿ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಮತ್ತೆ ನಮ್ಮ ಮನೆಯಿಂದ ಎಣಿಸಲು ನೋಡಿದರು, ಎರಡು, ಮೂರು ಎಂದು ತುಟಿ ಆಡಿಸಿ ನಿಲ್ಲಿಸಿದರು. ಅಲ್ಲಿ ಎಲ್ಲರ ಮುಂದೆ, ಬೀದಿಯ ನಡುವೆ, ಅವರು ತಮ್ಮ ಕೈಯನ್ನು ನನ್ನ ಕಡೆಗೆ ನೀಡಿದರು.

"ಹಿಡಕೋ ಹುಡುಗಿ."

ನಾನು ಹಿಡಿದುಕೊಂಡೆ. ಬೆರಳುಗಳು ತಣ್ಣಗಿದ್ದವು, ಅಂಗೈ ಮಾತ್ರ ತಗಡಿನ ಬಿಸಿಯಲ್ಲಿತ್ತು. ಮನೆಗೆ ಕರೆದೊಯ್ಯಲು ತಿರುಗಿದರೆ, "ಇವತ್ತು ಒಂದಿನ ಅಕ್ಕನ ಮನೆಗೆ" ಎಂದರು. ಯಜಮಾನರು ಮಂಜಿನೊಳಗಿಂದ ಓಡಿ ಬಂದಿದ್ದರು. ತಾಯಿಯ ಕೈ ನನ್ನ ಕೈಯಲ್ಲಿದ್ದದ್ದನ್ನು ನೋಡಿ ಅಲ್ಲೇ ನಿಂತರು. ತೆಂಗಿನಕಾಯಿ ಇನ್ನೂ ಅವರ ಕೈಯಲ್ಲೇ ಇತ್ತು.

ಹಾಸಿಗೆಯಲ್ಲಿದ್ದ ಅತ್ತೆಯ ಅಕ್ಕ, ನನಗೆ ದೊಡ್ಡತ್ತೆ, ನಾವು ಒಳಗೆ ಕಾಲಿಡುವ ಮೊದಲೇ ಕೇಳಿದರು. "ಯಾರದು? ನಿನ್ನ ಹೆಜ್ಜೆ ಜೊತೆ ಇನ್ನೊಂದು ಹೆಜ್ಜೆ?"

"ಸೊಸೆ."

ಅತ್ತೆ ಕೂತು ಎಲೆ ಅಡಿಕೆ ಕುಟ್ಟಿದರು. ದಿನಕ್ಕಿಂತ ಬಹಳ ಹೊತ್ತು ಕುಟ್ಟಿದರು, ಹಿಟ್ಟಾಗುವ ತನಕ. "ನಾಳೆಯಿಂದ ನಿನ್ನ ಸೊಸೆ ಹತ್ರ ಕುಟ್ಟಿಸಿಕೋ" ಎಂದರು.

"ಅವಳು ಕುಟ್ಟಿದ್ದು ದನಕ್ಕೆ ಹಾಕಬೇಕು. ಅಡಿಕೆ ಹೋಳು ಹಾಗೇ ಇರತ್ತೆ."

"ಇದ್ರೆ ಉಗಿ."

"ಉಗಿದ್ರೆ ಒರೆಸೋಳೂ ಅವಳೇ ಅಲ್ದಾ? ಸಿಟ್ಟು ಮಾಡ್ತಾಳೆ."

ಇಬ್ಬರೂ ಸ್ವಲ್ಪ ನಕ್ಕರು. ಅತ್ತೆ ಅಕ್ಕನ ಮುಖದ ಮೇಲೆ ಒಮ್ಮೆ ಕೈಯಾಡಿಸಿದರು, ಹಣೆ, ಮೂಗು, ಗಲ್ಲ, ಎಲ್ಲ ಒಂದೊಂದಾಗಿ. ಆಮೇಲೆ ಎದ್ದರು.

ಮಧ್ಯಾಹ್ನವೇ ಕಮಿಟಿ ಮತ್ತೆ ಕೂತಿತು. ಬಸ್ಸನ್ನು ಎಂಟು ಎತ್ತು ಕಟ್ಟಿ ಎಳೆಸಿದ್ದರು. ಸಂಜೆ ಯಜಮಾನರು ಬಂದು ಕೋಟು ಕಳಚಿ ಗೂಟಕ್ಕೆ ತೂಗುಹಾಕಿದರು. ಆ ಮಣ್ಣನ್ನೆಲ್ಲ ತೆಗೆಸಿ, ಕಲ್ಲು ತುಂಬಿ, ದಿಮ್ಮಿಸು ಹೊಡೆಸಿ ಗಟ್ಟಿ ಮಾಡುವುದೆಂದು ನಿರ್ಧಾರವಾಗಿತ್ತು. ಮುಂದಿನ ವಾರದಿಂದ ಬಸ್ಸು ದಿನಾ ಬರುವುದು.

"ಹಳೇ ಅಂಚಿನುದ್ದಕ್ಕೂ ಒಂದು ಸಾಲು ಕಲ್ಲುಕಂಬ ನೆಡಿಸೋಣ, ಅಮ್ಮ ಹಿಡಕೊಂಡು ಹೋಗ್ತಾರೆ ಅಂದೆ" ಎಂದರು. "ಒಬ್ಬ ಮುದುಕಿಗೋಸ್ಕರ ಬೀದಿ ನಡುವೆ ಕಂಬವಾ ಅಂದ್ರು. ಮಗು ಕಳಕೊಂಡ ಆ ಬಾಣಂತಿ ಗಂಡನೂ ಅಲ್ಲಿದ್ದ. ನಾನು ಸುಮ್ಮನಾದೆ."

ಅತ್ತೆ ಒಳಗಿನ ಮೂಲೆಯಲ್ಲಿ, ಕಂಬಳಿಯ ಮೇಲೆ ಕೂತಿದ್ದರು. "ಸರಿ ಅಂದಿದಾರೆ. ನಾನಾಗಿದ್ರೂ ಅದನ್ನೇ ಅನ್ನುತ್ತಿದ್ದೆ" ಎಂದರು. ಮಗ ಅವರ ಪಕ್ಕದಲ್ಲಿ ಹೋಗಿ ಕೂತರು. ಹೊರಗೆ ಆಳುಗಳು ಮಣ್ಣು ಕೆದರಲು ಆಗಲೇ ಶುರುಮಾಡಿದ್ದರು. ಒಂದೊಂದು ಮನೆಯ ಮುಂದೆ ಗುದ್ದಲಿಯ ಸದ್ದು ಬಂದಾಗ ಅತ್ತೆ ಅದು ಯಾರ ಮನೆ ಎಂದು ಹೇಳುತ್ತಿದ್ದರು. ಸದ್ದು ನಮ್ಮ ಬಾಗಿಲ ಮುಂದೆ ಬಂದಾಗ ಮಾತ್ರ ಏನೂ ಹೇಳಲಿಲ್ಲ.

ಅವತ್ತು ಊಟಕ್ಕೆ ಬೆಳಿಗ್ಗೆಯ ಅಕ್ಕಿರೊಟ್ಟಿ ಎರಡು ಉಳಿದಿದ್ದವು, ಅನ್ನ, ಹುರುಳಿಕಾಳಿನ ಸಾರು, ಎಳೆ ಹಲಸಿನಕಾಯಿ ಪಲ್ಯ, ಮಜ್ಜಿಗೆ. ಯಜಮಾನರು ಪಲ್ಯ ಮುಟ್ಟಲಿಲ್ಲ. ಅತ್ತೆ ನಾನು ಹಾಕಿದ್ದನ್ನೆಲ್ಲ, ಇನ್ನು ಸಾಕು ಎನ್ನದೆ, ತಿಂದು ಮುಗಿಸಿದರು. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವರು ಅವರು. ಅವತ್ತು ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಮೊದಲು ಮಲಗಿದ್ದರು.